ದೂರದ ವರದಿಗಾರ, ಹತ್ತಿರದ ಹಾಡುಗಾರ



ವಿದೇಶಿ ವರದಿಗಾರ ಎಂದೊಡನೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಮೂಡುತ್ತದೆ. ಹೆಗಲಿಗೆ ಕ್ಯಾಮೆರಾ, ಜೇಬಿನಲ್ಲಿ ಟಿಪ್ಪಣಿ ಪುಸ್ತಕ, ಭಾಷೆ ತಿಳಿಯದ ನಾಡಿನಲ್ಲಿ ಓಡಾಟ. ದಿನಪತ್ರಿಕೆಗೆ ಸುದ್ದಿ ಕಳುಹಿಸುತ್ತಾನೆ. ಬಿಡುವು ಸಿಕ್ಕಾಗ ಅದೇ ನಾಡಿನ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಾನೆ. ಅವನ ಬದುಕು ರೋಚಕವಾಗಿ ಕಾಣುವುದು ಸಹಜ. ಆದರೆ ಆ ಚಿತ್ರದಲ್ಲಿ ಇನ್ನೊಬ್ಬ ವ್ಯಕ್ತಿ ಇರುತ್ತಾನೆ. ವರದಿಗಾರ ಪ್ರಶ್ನೆ ಕೇಳಿದಾಗ ಉತ್ತರ ಕೊಟ್ಟವನು ಅವನು. ಅವನ ಹೆಸರು ವರದಿಯಲ್ಲಿ ಉಳಿಯಿತೇ? ಅವನು ಹೇಳಿದ್ದು ಅವನು ಹೇಳಿದ ಹಾಗೆಯೇ ದಾಖಲಾಯಿತೇ? ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಾದಿಯಲ್ಲಿ ಹಾದುಹೋದ ಕೆಲವು ಪರದೇಶಿಗಳ ಕತೆಯನ್ನು ಈ ಪ್ರಶ್ನೆಯೊಂದಿಗೆ ನೋಡುವುದು ಇಂದಿನ ಉದ್ದೇಶ.

ಈ ವೃತ್ತಿ ಕರಾವಳಿಗೆ ಅಪರಿಚಿತವಲ್ಲ. ಉಡುಪಿಯಲ್ಲಿ 1921ರಲ್ಲಿ ಜನಿಸಿದ ಎಂ.ವಿ. ಕಾಮತ್ ವಿಜ್ಞಾನ ಓದಿದವರು. ಪತ್ರಿಕಾರಂಗಕ್ಕೆ ಬಂದದ್ದು 1946ರಲ್ಲಿ, ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ ಮೂಲಕ. ಮುಂದೆ ಪಿಟಿಐ ಸುದ್ದಿಸಂಸ್ಥೆಗಾಗಿ ವಿಶ್ವಸಂಸ್ಥೆಯಿಂದ ವರದಿ ಮಾಡಿದರು. ‘ಟೈಮ್ಸ್ ಆಫ್ ಇಂಡಿಯಾ’ಗಾಗಿ ಬಾನ್, ಪ್ಯಾರಿಸ್, ವಾಷಿಂಗ್ಟನ್‌ಗಳಲ್ಲಿ ಇದ್ದರು. ವಾಷಿಂಗ್ಟನ್ ಒಂದರಲ್ಲೇ 1969ರಿಂದ 1978ರವರೆಗೆ. ಕೊನೆಗಾಲದಲ್ಲಿ ಮಣಿಪಾಲಕ್ಕೆ ಮರಳಿ, ಎಳೆಯರಿಗೆ ಪತ್ರಿಕೋದ್ಯಮ ಕಲಿಸುವ ಕೆಲಸದಲ್ಲಿ ತೊಡಗಿದ ಅವರು 2014ರಲ್ಲಿ ತೀರಿಕೊಂಡರು. ಒಂದೇ ನಗರದಲ್ಲಿ ಒಂಬತ್ತು ವರ್ಷ! ಹೊರನಾಡಿನ ವರದಿಗಾರನಿಗೆ ಬೇಕಾದ ಮೊದಲ ಬಂಡವಾಳ ಅದೇ: ಕಾಲ.

ಕಾಮತರು ಇಲ್ಲಿಂದ ಅಲ್ಲಿಗೆ ಹೋದವರು. ಅಲ್ಲಿಂದ ಇಲ್ಲಿಗೆ ಬಂದವರೂ ಇದ್ದಾರೆ. ಅವರನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದು. ಅವರು ಯಾರನ್ನು ಕೇಳಿದರು? ಅವರಿಗೆ ಅರ್ಥ ಬಿಡಿಸಿ ಹೇಳಿದವರು ಯಾರು? ಅವರ ವರದಿ ಕೊನೆಗೆ ಯಾರ ಕೈ ಸೇರಿತು?

ಕಂಪೆನಿಯ ವೈದ್ಯ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ರಾಜ್ಯದ ಬಹುಭಾಗ ಈಸ್ಟ್ ಇಂಡಿಯಾ ಕಂಪೆನಿಯ ಹಿಡಿತಕ್ಕೆ ಬಂತು. ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ, ಎಷ್ಟು ಕಂದಾಯ ಹುಟ್ಟುತ್ತದೆ ಎಂದು ತಿಳಿಯುವ ಅಗತ್ಯ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇತ್ತು. ಅದಕ್ಕಾಗಿ ನೇಮಕಗೊಂಡವರು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯರು. 1800ರ ಏಪ್ರಿಲ್ 23ರಂದು ಮದರಾಸು ಬಿಟ್ಟ ಅವರು ಮೈಸೂರು, ಮಲಬಾರು ಸುತ್ತಿ 1801ರ ಆರಂಭದಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ನೇತ್ರಾವತಿಯ ದಂಡೆ ಹಿಡಿದು ಫರಂಗಿಪೇಟೆ, ಬಂಟ್ವಾಳ. ಮುಂದೆ ಬೆಳ್ತಂಗಡಿ, ವೇಣೂರು, ಮೂಡಬಿದಿರೆ, ಕಾರ್ಕಳ. ಇಂದು ಬಸ್ಸು ಹತ್ತಿದರೆ ಅರ್ಧ ದಿನ ಸಾಕು.

ಅವರು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ಪ್ರವಾಸ ಕಥನ ಇಂದಿಗೂ ಇತಿಹಾಸಕಾರರ ಮೇಜಿನ ಮೇಲಿದೆ. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆ ಇರುವುದನ್ನು ಅವರು ಗುರುತಿಸಿದರು. ತಗ್ಗಿನಲ್ಲಿದ್ದು ನೀರು ಬತ್ತದ ಬೈಲು, ನಡುವಿನ ಮಜಲು, ಮಳೆಯನ್ನೇ ನಂಬಿದ ಎತ್ತರದ ಬೆಟ್ಟು. ಬಂಟ್ವಾಳದ ರೈತನಿಗೆ ಹುಟ್ಟಿನಿಂದ ಗೊತ್ತಿದ್ದ ಈ ವಿಂಗಡಣೆ ಹೀಗೆ ಒಂದು ಇಂಗ್ಲಿಷ್ ಪುಸ್ತಕವನ್ನು ಸೇರಿತು. ಗೇಣಿ, ಮೂಲಗೇಣಿ, ಅಳಿಯಸಂತಾನ, ಕುಮರಿ ಬೇಸಾಯ, ಜೈನರ ಬಸದಿ, ಎಲ್ಲದರ ಬಗೆಗೂ ಅವರು ಕೇಳಿ ಬರೆದುಕೊಂಡರು.

ಮೂರು ಪ್ರಶ್ನೆಗಳನ್ನು ಇವರ ಮುಂದೆ ಇಡೋಣ. ಯಾರನ್ನು ಕೇಳಿದರು? ರೈತರನ್ನು, ವರ್ತಕರನ್ನು, ಶಾನುಭೋಗರನ್ನು, ಧರ್ಮಗುರುಗಳನ್ನು. ಇದು ಸಣ್ಣ ಮಾತಲ್ಲ. ಅಷ್ಟು ಬಗೆಯ ಜನರನ್ನು ಕೇಳಿ ಬರೆದವರು ಅವರಿಗಿಂತ ಮೊದಲು ವಿರಳ. ಅರ್ಥ ಬಿಡಿಸಿ ಹೇಳಿದವರು ಯಾರು? ಜೊತೆಯಲ್ಲಿದ್ದ ದುಭಾಷಿಗಳು. ಬಾರ್ಕೂರಿನ ಶಾನುಭೋಗರಂಥ ಒಬ್ಬಿಬ್ಬರ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಉಳುವವನ ಹೆಸರು ಸಿಗುವುದು ಅಪರೂಪ. ವರದಿ ಯಾರ ಕೈ ಸೇರಿತು? ಕಂಪೆನಿಯ ಕೈ. ಕೇಳುತ್ತಿರುವವನು ಸರಕಾರದ ಕಡೆಯವನು, ನಾಳೆ ತೀರ್ವೆ ಏರಬಹುದು ಎಂಬ ಅಂಜಿಕೆ ರೈತರಿಗೆ ಇತ್ತು. ರೈತರು ತಮ್ಮ ಹುಟ್ಟುವಳಿಯನ್ನು ಮರೆಮಾಚುತ್ತಾರೆ ಎಂಬ ಅನುಮಾನ ಬುಕಾನನ್ನರಿಗೂ ಇತ್ತು. ಇಬ್ಬರ ಕಡೆಯಿಂದಲೂ ಅದು ನ್ಯಾಯವೇ. ಉತ್ತರದಿಂದ ತನಗೇ ನಷ್ಟವಾಗುವುದಾದರೆ ಯಾರು ತಾನೇ ಪೂರ್ತಿ ಉತ್ತರ ಕೊಡುತ್ತಾರೆ?

ಮಳೆ ಕಾಣದ ಕಣ್ಣು

ಮೂಡಬಿದಿರೆಗೆ ಬನ್ನಿ. 1430ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ಅದರ ಮೇಲಂತಸ್ತುಗಳ ಇಳಿಜಾರು ಮಾಡನ್ನು ನೋಡಿದವರಿಗೆ ಘಟ್ಟದ ಮೇಲಿನ ಯಾವ ಗುಡಿಯೂ ನೆನಪಾಗುವುದಿಲ್ಲ. ಭಾರತೀಯ ವಾಸ್ತುಶಿಲ್ಪದ ಇತಿಹಾಸವನ್ನು 1876ರಲ್ಲಿ ಪ್ರಕಟಿಸಿದ ಜೇಮ್ಸ್ ಫರ್ಗುಸನ್ನರಿಗೆ ನೆನಪಾದದ್ದು ನೇಪಾಳ. ಮೂಡಬಿದಿರೆಯ ಮಾಡಿಗೂ ಹಿಮಾಲಯದ ತಪ್ಪಲಿನ ಗುಡಿಗಳಿಗೂ ಇರುವ ಹೋಲಿಕೆ ಅವರನ್ನು ಬೆರಗುಗೊಳಿಸಿತು.

ಹೋಲಿಕೆ ಸುಳ್ಳಲ್ಲ. ಆದರೆ ಮೂಡಬಿದಿರೆಯ ಯಾವುದೇ ಮನೆಯ ಜಗಲಿಯಲ್ಲಿ ಆಷಾಢದ ಒಂದು ಮಧ್ಯಾಹ್ನ ಕುಳಿತವರಿಗೆ ಅದರ ಕಾರಣ ಕಣ್ಣೆದುರೇ ಸುರಿಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮಾಡು ಇಳಿಜಾರಾಗಿರಲೇಬೇಕು. ಬಡವನ ಮುಳಿಹುಲ್ಲಿನ ಮನೆಗೂ ಗುತ್ತಿನ ಮನೆಗೂ ಬಸದಿಗೂ ಅದೇ ನ್ಯಾಯ. ದೂರದಿಂದ ನೋಡುವವನು ಹೋಲಿಕೆ ಹುಡುಕುತ್ತಾನೆ. ಹತ್ತಿರ ಕುಳಿತವನಿಗೆ ಕಾರಣ ಸಿಗುತ್ತದೆ. ಇಂದಿನ ಅನೇಕ ಸಾಕ್ಷ್ಯಚಿತ್ರಗಳ ದೋಷವೂ ಇದೇ. ಎರಡು ದಿನದಲ್ಲಿ ಚಿತ್ರೀಕರಣ ಮುಗಿಸಿ ಹೋಗುವ ತಂಡ ಮಾಡನ್ನು ಸೆರೆಹಿಡಿಯುತ್ತದೆ, ಮಳೆಯನ್ನು ಬಿಟ್ಟುಬಿಡುತ್ತದೆ.

ಇದೇ ಮೂಡಬಿದಿರೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಇಲ್ಲಿನ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದವು. ಭಾಷೆ ಬಹುಪಾಲು ಪ್ರಾಕೃತ, ಲಿಪಿ ಹಳಗನ್ನಡದ್ದು. ಬಹುಕಾಲ ಅವು ದರ್ಶನಕ್ಕೆ ಮಾತ್ರ, ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ತೊಡಗಿ, ಅದು ಮುಗಿಯಲು ದಶಕಗಳೇ ಹಿಡಿದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಮುದ್ರಣವಾದದ್ದು 1939ರಲ್ಲಿ. ಹೊರಗಿನವರಿಗೆ ಬಾಗಿಲು ತೆರೆಯಲು ತಡಮಾಡಿದ್ದನ್ನು ಕೆಲವರು ಸಂಕುಚಿತತೆ ಎಂದರು. ಆದರೆ ಆ ಮುಚ್ಚಿದ ಬಾಗಿಲೇ ಗರಿಗಳನ್ನು ಅಷ್ಟು ಕಾಲ ಉಳಿಸಿತು ಎಂಬುದೂ ನಿಜ. ತನ್ನಲ್ಲಿರುವುದನ್ನು ಯಾರಿಗೆ, ಯಾವಾಗ, ಎಷ್ಟು ತೋರಿಸಬೇಕು ಎಂದು ನಿರ್ಧರಿಸುವ ಹಕ್ಕು ಊರಿಗೂ ಇದೆ.

ಹಾಡು ಕೇಳಲು ಬಂದವರು

ಗರಿಯಲ್ಲಿ ಇದ್ದದ್ದು ಹೀಗೆ ಉಳಿಯಿತು. ಬಾಯಲ್ಲಿ ಇದ್ದದ್ದರ ಗತಿ ಏನು? ತುಳುವಿನ ಪಾಡ್ದನಗಳನ್ನು ಮೊದಲು ಕಾಗದಕ್ಕೆ ಇಳಿಸಿದವರಲ್ಲಿ ಬಾಸೆಲ್ ಮಿಷನ್ನಿನ ಆಗಸ್ಟ್ ಮ್ಯಾನರ್ ಮುಖ್ಯರು. ಅವರ ಪಾಡ್ದನ ಸಂಗ್ರಹ ಮಂಗಳೂರಿನಲ್ಲಿ 1886ರಲ್ಲಿ ಅಚ್ಚಾಯಿತು. ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಅವರ ಸಂಗ್ರಹ, ಅವರು ತೀರಿಕೊಂಡ ಮೇಲೆ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾಯಿತು. ಅದರ ತಲೆಬರಹ ತುಳುವರ ‘ದೆವ್ವಪೂಜೆ’ ಎಂದು. ಒಂದೇ ಪದದಲ್ಲಿ ತೀರ್ಪು! ನಮ್ಮವರು ದೈವ ಎಂದದ್ದು ಅವರ ಭಾಷೆಗೆ ಹೋಗುವಾಗ ದೆವ್ವವಾಯಿತು. ಆದರೂ ಆ ಸಂಗ್ರಹಗಳು ಇಲ್ಲದಿದ್ದರೆ ನೂರಾರು ವರ್ಷದ ಹಿಂದಿನ ಪಾಡ್ದನದ ರೂಪ ತಿಳಿಯುವ ದಾರಿ ಇರಲಿಲ್ಲ. ತಪ್ಪು ಹೆಸರಿಟ್ಟವರಿಗೂ ನಾವು ಋಣಿಗಳು. ಅದು ಈ ಇತಿಹಾಸದ ತಮಾಷೆ.

ಇಷ್ಟು ಹಿನ್ನೆಲೆಯ ಮೇಲೆ ಬೆಳ್ತಂಗಡಿ ತಾಲೂಕಿಗೆ ಬರಬಹುದು. ಇಸವಿ 1990, ತಿಂಗಳು ಡಿಸೆಂಬರ್. ಮಾಚಾರಿನ ಗೋಪಾಲ ನಾಯ್ಕರು ಹಾಡಲು ಕುಳಿತಿದ್ದಾರೆ. ಅವರು ಬೇಸಾಯಗಾರರು. ಸಿರಿ ಜಾತ್ರೆಯಲ್ಲಿ ಕುಮಾರನಾಗಿ ನಿಂತು ಸಿರಿಗಳ ತಂಡವನ್ನು ನಡೆಸುವವರು. ಎದುರಿಗೆ ಧ್ವನಿಮುದ್ರಣ ಯಂತ್ರ ಮತ್ತು ವಿಡಿಯೊ ಕ್ಯಾಮೆರಾ. ಯಂತ್ರದ ಹಿಂದೆ ಫಿನ್ಲೆಂಡಿನಿಂದ ಬಂದ ಲೌರಿ ಹೊಂಕೊ, ಅವರ ಪತ್ನಿ ಅನ್ನೆಲಿ ಹೊಂಕೊ, ಮಂಗಳೂರು ವಿಶ್ವವಿದ್ಯಾಲಯದ ವಿವೇಕ ರೈ ಮತ್ತು ಚಿನ್ನಪ್ಪ ಗೌಡ. ಹಾಡು ಒಂದು ದಿನದಲ್ಲಿ ಮುಗಿಯಲಿಲ್ಲ. ದಿನದ ಮೇಲೆ ದಿನ ಸಾಗಿತು. ಬರವಣಿಗೆಗೆ ಇಳಿಸಿ ಎಣಿಸಿದಾಗ ಸಾಲುಗಳ ಸಂಖ್ಯೆ 15,683. ಹೋಮರನ ‘ಇಲಿಯಡ್’ ಕಾವ್ಯದಲ್ಲಿ 15,693. ಹತ್ತೇ ಸಾಲು ಕಡಿಮೆ! ಅದೂ ಒಬ್ಬರೇ ವ್ಯಕ್ತಿಯ ನೆನಪಿನಿಂದ, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ.

ಹೊಂಕೊ ಪತ್ರಿಕೆಯ ವರದಿಗಾರರಲ್ಲ, ಜಾನಪದ ವಿದ್ವಾಂಸರು. ಆದರೆ ಪರನಾಡಿಗೆ ಹೋಗು, ಕೇಳು, ಚಿತ್ರೀಕರಿಸು, ಜಗತ್ತಿಗೆ ತಿಳಿಸು ಎಂಬ ವಿದೇಶಿ ವರದಿಗಾರನ ಕೆಲಸವನ್ನು ಅವರು ಮಾಡಿದಷ್ಟು ತಾಳ್ಮೆಯಿಂದ ಮಾಡಿದವರು ನಮ್ಮ ಕಡೆ ಇಲ್ಲ ಎಂದೇ ಹೇಳಬಹುದು. 1932ರಲ್ಲಿ ಜನಿಸಿದ ಅವರು ತುರ್ಕು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಸುಮಾರು ಎರಡು ದಶಕ ನಾರ್ಡಿಕ್ ಜಾನಪದ ಸಂಸ್ಥೆಯ ನಿರ್ದೇಶಕರು. ಜಾನಪದ ಸಂರಕ್ಷಣೆ ಕುರಿತು ಯುನೆಸ್ಕೊ 1989ರಲ್ಲಿ ಹೊರಡಿಸಿದ ಶಿಫಾರಸಿನ ಹಿಂದೆ ಅವರ ಪಾತ್ರ ದೊಡ್ಡದು. 2002ರಲ್ಲಿ ತೀರಿಕೊಂಡರು.

ಫಿನ್ಲೆಂಡಿನವರಿಗೆ ತುಳುನಾಡಿನ ಹಾಡಿನ ಮೇಲೆ ಏಕೆ ಇಷ್ಟು ಆಸೆ? ಅವರ ರಾಷ್ಟ್ರೀಯ ಕಾವ್ಯ ‘ಕಲೇವಲ’ ಜನಪದ ಹಾಡುಗಳಿಂದಲೇ ಹುಟ್ಟಿದ್ದು. ಎಲಿಯಾಸ್ ಲೋನ್ರೋಟ್ ಎಂಬ ವೈದ್ಯರು ಕರೇಲಿಯದ ಹಳ್ಳಿಗಳಲ್ಲಿ ನಡೆದು, ಅನೇಕ ಗಾಯಕರಿಂದ ಬಿಡಿ ಹಾಡುಗಳನ್ನು ಕೇಳಿ, ಅವನ್ನು ಹೊಲಿದು ಒಂದು ಕಾವ್ಯ ಮಾಡಿದರು. 1849ರ ಆವೃತ್ತಿಯಲ್ಲಿ 22,795 ಸಾಲುಗಳಿವೆ. ಕಾವ್ಯ ಜಗತ್ಪ್ರಸಿದ್ಧವಾಯಿತು, ಹಾಡಿದವರು ಕಾವ್ಯದ ಹಿಂದೆ ಮರೆಯಾದರು. ಅಷ್ಟು ಉದ್ದದ ಕಾವ್ಯವನ್ನು ಒಬ್ಬನೇ ಹಾಡಬಲ್ಲನೇ ಎಂಬ ಸಂಶಯ ವಿದ್ವಾಂಸರಲ್ಲಿ ಉಳಿಯಿತು. ಅಮೆರಿಕದ ಮಿಲ್ಮನ್ ಪ್ಯಾರಿ 1935ರಲ್ಲಿ ಯುಗೊಸ್ಲಾವಿಯಕ್ಕೆ ಹೋಗಿ, ಅವ್ದೊ ಎಂಬ ಹಳ್ಳಿಗನಿಂದ 12,311 ಸಾಲುಗಳ ಒಂದೇ ಹಾಡನ್ನು ದಾಖಲಿಸಿ ತಂದಾಗ ಸಂಶಯ ಸ್ವಲ್ಪ ಕರಗಿತು. ಮಾಚಾರಿನ ಗೋಪಾಲ ನಾಯ್ಕರು ಅದನ್ನೂ ದಾಟಿದರು.

ನೆನಪು ಹೇಗೆ ಕೆಲಸ ಮಾಡುತ್ತದೆ?

ಹಾಗಾದರೆ ಗೋಪಾಲ ನಾಯ್ಕರು 15,683 ಸಾಲುಗಳನ್ನು ಬಾಯಿಪಾಠ ಮಾಡಿದ್ದರೇ? ಇಲ್ಲ. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಹೊಂಕೊ ಅವರ ಮುಖ್ಯ ಕಾಣಿಕೆ. ಗಾಯಕನ ಮನಸ್ಸಿನಲ್ಲಿ ಕತೆಯ ಹಾದಿ ಇರುತ್ತದೆ. ಬಾಲೆ ಹುಟ್ಟುವುದು, ಸೀಮಂತ, ಪಯಣ, ಊಟ, ಸಾವು, ಇಂಥ ಸಂದರ್ಭಗಳಿಗೆ ಹಿಗ್ಗಿಸಬಹುದಾದ, ಕುಗ್ಗಿಸಬಹುದಾದ ನುಡಿಕಟ್ಟುಗಳು ಇರುತ್ತವೆ. ಗದ್ದೆಯಲ್ಲಿ ನೇಜಿ ನೆಡುವಾಗ ಒಂದು ಅಳತೆ, ಜಾತ್ರೆಯ ರಾತ್ರಿ ಇನ್ನೊಂದು ಅಳತೆ, ಪೂರ್ತಿ ಕೇಳಲು ತಾಳ್ಮೆಯಿರುವವರು ಎದುರು ಕುಳಿತರೆ ಮತ್ತೊಂದು ಅಳತೆ. ಯಕ್ಷಗಾನದ ಅರ್ಥಧಾರಿಗಳನ್ನು ಕೇಳಿ ಬೆಳೆದ ನಮಗೆ ಇದು ಹೊಸದೆನಿಸದು. ತಾಳಮದ್ದಲೆಯ ಕೃಷ್ಣ ಒಂದೇ ಸಂಧಾನವನ್ನು ಅರ್ಧ ಗಂಟೆಗೂ ಮುಗಿಸಬಲ್ಲ, ಮೂರು ಗಂಟೆಗೂ ಬೆಳೆಸಬಲ್ಲ.

ಅಂದರೆ ಹಾಡಿನ ಉದ್ದವನ್ನು ನಿರ್ಧರಿಸುವುದರಲ್ಲಿ ಕೇಳುವವನಿಗೂ ಪಾಲಿದೆ. ಹತ್ತು ನಿಮಿಷ ಇದ್ದು ಹೋಗುವವನಿಗೆ ಹತ್ತು ನಿಮಿಷದ ಸಿರಿ ಸಿಗುತ್ತಾಳೆ. ದಿನಗಟ್ಟಲೆ ಕುಳಿತವರಿಗೆ ಮಹಾಕಾವ್ಯ ಸಿಕ್ಕಿತು.

ಕ್ಯಾಮೆರಾ ನಿಲ್ಲುವ ಜಾಗ

ಸಿರಿಯ ಕತೆ ಈ ಭಾಗದವರಿಗೆ ಹೇಳಬೇಕಾದದ್ದಲ್ಲ. ಸತ್ಯನಾಪುರದ ಬೆರ್ಮ ಆಳ್ವರ ಅರಮನೆಗೆ ಪಿಂಗಾರದಿಂದ ಬಂದ ಮಗು. ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾದವಳು. ತನ್ನ ಬಯಕೆಯ ಸೀರೆಯನ್ನು ಗಂಡ ಮೊದಲು ಸೂಳೆಯ ಮನೆಗೆ ಕೊಂಡುಹೋದ ಎಂದು ತಿಳಿದು ಅದನ್ನು ನಿರಾಕರಿಸಿದವಳು. ಕೊನೆಗೆ ಗಂಡನ ಸಂಬಂಧವನ್ನೇ ಕಡಿದುಕೊಂಡು ಮಗು ಕುಮಾರನೊಡನೆ ಹೊರಟವಳು. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ, ದಾರಗರ ಬದುಕು ಚೆನ್ನೆಮಣೆಯ ಜಗಳದಲ್ಲಿ ಮುಗಿಯಿತು. ಹೆಣ್ಣಿನ ಮಾನ, ತವರಿನ ಹಕ್ಕು, ತಾಯ್ತನ, ಇವೇ ಕತೆಯ ಬೆನ್ನೆಲುಬು.

ಕವತ್ತಾರು, ನಂದಳಿಕೆ, ಹಿರಿಯಡ್ಕಗಳ ಜಾತ್ರೆಯ ರಾತ್ರಿ ಬಿಳಿ ಸೀರೆಯುಟ್ಟು ಪಿಂಗಾರ ಹಿಡಿದ ಹೆಂಗಸರು ಸಾಲಾಗಿ ಕುಳಿತು ನಡುಗುವುದನ್ನು ಯಾವ ಕ್ಯಾಮೆರಾ ಬೇಕಾದರೂ ಹಿಡಿಯಬಲ್ಲದು. ನಿಮಿಷಕ್ಕೆ ಎಷ್ಟು ವಿಚಿತ್ರ ದೃಶ್ಯ ಎಂದು ಲೆಕ್ಕ ಹಾಕುವ ಚಿತ್ರಕ್ಕೆ ಅಷ್ಟೇ ಸಾಕು. ಆದರೆ ಆ ಹೆಂಗಸು ನಡುಗುತ್ತ ಏನು ಹೇಳುತ್ತಿದ್ದಾಳೆ? ಕುಮಾರ ಅವಳನ್ನು ಏನು ಕೇಳುತ್ತಿದ್ದಾನೆ? ಅವಳ ಗಂಡನ ಮನೆಯವರು ಪಕ್ಕದಲ್ಲೇ ನಿಂತು ಏಕೆ ಕಿವಿಗೊಡುತ್ತಿದ್ದಾರೆ? ಹಗಲಿನಲ್ಲಿ ಬಾಯಿಬಿಟ್ಟು ಹೇಳಲಾಗದ ಮನೆಯ ಸಂಕಟ ಅಲ್ಲಿ ಸಿರಿಯ ಮಾತಾಗಿ ಹೊರಬರುತ್ತದೆ, ಮನೆಯವರು ಕೇಳಲೇಬೇಕಾಗುತ್ತದೆ. ಇದು ತಿಳಿಯಬೇಕಾದರೆ ತುಳು ಬರಬೇಕು, ಇಲ್ಲವೇ ತುಳು ಬಲ್ಲವರು ಪಕ್ಕದಲ್ಲಿ ಸಮಾನರಾಗಿ ಕುಳಿತಿರಬೇಕು.

ಹೊಂಕೊ ತಂಡದ ವಿಶೇಷ ಇಲ್ಲಿದೆ. ಬಂಟ್ವಾಳ ತಾಲೂಕಿನ ಪುಣಚದವರಾದ ವಿವೇಕ ರೈ ಅವರು ತುಳು ಜನಪದ ಸಾಹಿತ್ಯವನ್ನು ಕುರಿತು, ಚಿನ್ನಪ್ಪ ಗೌಡರು ಭೂತಾರಾಧನೆಯನ್ನು ಕುರಿತು ಅದಾಗಲೇ ಸಂಶೋಧನೆ ಮಾಡಿದ್ದವರು. ಅವರು ದುಭಾಷಿಗಳಾಗಿ ಅಡಿಟಿಪ್ಪಣಿಯಲ್ಲಿ ಉಳಿಯಲಿಲ್ಲ. 1998ರಲ್ಲಿ ಹೆಲ್ಸಿಂಕಿಯಲ್ಲಿ ಸಿರಿ ಕಾವ್ಯ ಎರಡು ಸಂಪುಟಗಳಲ್ಲಿ ಹೊರಬಂದಾಗ ಅವರ ಹೆಸರು ಮುಖಪುಟದಲ್ಲಿತ್ತು. ಜೊತೆಗೆ, ಕಾವ್ಯ ಅಕ್ಷರಕ್ಕಿಳಿದ ಬಗೆಯನ್ನು ವಿವರಿಸುವ ಹೊಂಕೊ ಅವರ ಪ್ರತ್ಯೇಕ ಸಂಪುಟವೂ ಬಂತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಕಾವ್ಯದ ಶೀರ್ಷಿಕೆ: ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ. ಲೋನ್ರೋಟರ ಪುಸ್ತಕದಲ್ಲಿ ಮರೆಯಾದ ಗಾಯಕ ಹೊಂಕೊ ಅವರ ಪುಸ್ತಕದಲ್ಲಿ ಶೀರ್ಷಿಕೆಗೇ ಬಂದ. ಹಾಡಿದ್ದು 1990ರಲ್ಲಿ, ಅಚ್ಚಾದದ್ದು 1998ರಲ್ಲಿ. ಕೇಳಿದ್ದನ್ನು ಬರೆದು, ಬರೆದದ್ದನ್ನು ಮತ್ತೆ ಕೇಳಿ ತಿದ್ದಿ, ಅನುವಾದಿಸಿ ಮುಗಿಸಲು ಎಂಟು ವರ್ಷ.

ಮೂರನೆಯ ಪ್ರಶ್ನೆ

ಮೊದಲೆರಡು ಪ್ರಶ್ನೆಗಳಿಗೆ ಈ ಕೆಲಸ ತೃಪ್ತಿಕರ ಉತ್ತರ ಕೊಡುತ್ತದೆ. ಮೂರನೆಯದಕ್ಕೆ? ಆ ಸಂಪುಟಗಳಲ್ಲಿ ತುಳು ಇರುವುದು ರೋಮನ್ ಲಿಪಿಯಲ್ಲಿ, ಎದುರಿಗೆ ಇಂಗ್ಲಿಷ್ ಅನುವಾದ. ಜಗತ್ತಿನ ವಿದ್ವಾಂಸರಿಗೆ ಅದು ಬೇಕೇ ಬೇಕು. ಅದಿಲ್ಲದೆ ಹೋಮರನ ಪಕ್ಕದಲ್ಲಿ ಸಿರಿಗೆ ಜಾಗ ಸಿಗುತ್ತಿರಲಿಲ್ಲ. ಆದರೆ ಮಾಚಾರಿನ, ವೇಣೂರಿನ, ಬಂಟ್ವಾಳದ ಸಾಮಾನ್ಯ ಓದುಗ ಕೈಗೆತ್ತಿಕೊಂಡು ಓದುವ ಪುಸ್ತಕ ಅದಲ್ಲ. ಇದನ್ನು ಹೊಂಕೊ ಅವರ ಮೇಲೆ ದೂರಾಗಿ ಹೊರಿಸುವುದು ನ್ಯಾಯವಲ್ಲ. ದೂರದವರು ಜಗತ್ತಿಗೆ ಒಯ್ದದ್ದನ್ನು ಮನೆಗೆ ಮರಳಿ ತರುವ ಕೆಲಸ ಮನೆಯವರದು.

ಆ ಕೆಲಸಕ್ಕೆ ಕಾಲ ಬಹಳ ಇಲ್ಲ. ಪಾಡ್ದನ ಬದುಕಿದ್ದದ್ದು ನೇಜಿ ಗದ್ದೆಯಲ್ಲಿ, ಬಾಗಿದ ಬೆನ್ನುಗಳ ಸಾಲಿನಲ್ಲಿ. ಮೂರೂ ತಾಲೂಕುಗಳಲ್ಲಿ ಇಂದು ಬೈಲು ಗದ್ದೆಗಳೂ ಅಡಿಕೆ ತೋಟಗಳಾಗುತ್ತಿವೆ. ಉಳಿದ ಗದ್ದೆಗೆ ನಾಟಿ ಯಂತ್ರ ಇಳಿಯುತ್ತಿದೆ. ಅದನ್ನು ತಪ್ಪೆನ್ನಲಾಗದು, ಹೊಟ್ಟೆಪಾಡಿನ ಲೆಕ್ಕ ಅದು. ಆದರೆ ಗದ್ದೆ ಹೋದ ಕಡೆ ಹಾಡಿಗೆ ಜಾಗವಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಇಂದು ಚಿತ್ರೀಕರಣಕ್ಕೆ ಫಿನ್ಲೆಂಡಿನಿಂದ ಯಾರೂ ಬರಬೇಕಾಗಿಲ್ಲ. ಪ್ರತಿ ಜೇಬಿನಲ್ಲೂ ಮೊಬೈಲ್ ಇದೆ, ಅದರಲ್ಲಿ ಕ್ಯಾಮೆರಾ ಇದೆ. ಕೋಲದ, ಕಂಬಳದ, ಸಿರಿ ಜಾತ್ರೆಯ ತುಣುಕುಗಳು ದಿನವೂ ಸಾವಿರಾರು ಮಂದಿಯ ಕೈಗೆ ಹೋಗುತ್ತಿವೆ. ಹೆಚ್ಚಿನವುಗಳಲ್ಲಿ ಊರಿನ ಹೆಸರಿಲ್ಲ, ತಾರೀಕಿಲ್ಲ, ಹಾಡಿದವರ ಹೆಸರಿಲ್ಲ. ನಮ್ಮೂರಿನಲ್ಲೇ ಹುಟ್ಟಿದವರು ನಮ್ಮೂರಿನ ವಿದೇಶಿ ವರದಿಗಾರರಾಗಿದ್ದಾರೆ. ಮಾಡು ಹಿಡಿದು ಮಳೆ ಬಿಡುತ್ತಿದ್ದಾರೆ.

ಆದ್ದರಿಂದ ಕೋರಿಕೆ ಸಣ್ಣದು. ಮನೆಯಲ್ಲಿ, ನೆರೆಮನೆಯಲ್ಲಿ ಪಾಡ್ದನ ಬಲ್ಲ ಅಜ್ಜಿ ಇದ್ದರೆ ಹೋಗಿ ಕುಳಿತುಕೊಳ್ಳಿ. ಮೊದಲು ಅವರ ಒಪ್ಪಿಗೆ ಕೇಳಿ. ಎರಡು ಸಾಲಿಗೆ ನಿಲ್ಲಿಸದೆ, ಅವರಿಗೆ ಸಾಕೆನಿಸುವವರೆಗೆ ಕೇಳಿ. ಅರ್ಥವಾಗದ ಮಾತಿಗೆ ಅವರಿಂದಲೇ ಅರ್ಥ ಕೇಳಿ. ಕೊನೆಗೆ ಅವರ ಹೆಸರು, ಊರು, ತಾರೀಕು ಬರೆದಿಡಿ, ಮತ್ತು ದಾಖಲಿಸಿದ್ದನ್ನು ಮೊದಲು ಅವರಿಗೇ ಕೇಳಿಸಿ. ಸಾವಿರಾರು ಮೈಲಿ ದೂರದಿಂದ ಬಂದವರು ಇಷ್ಟನ್ನು ಮಾಡಿದರು. ಅಂಗಳ ದಾಟುವಷ್ಟು ದೂರದಲ್ಲಿರುವವರಿಗೆ ಅದು ಕಷ್ಟವಾಗಬಾರದು.